ಕಂದೀಲಪ್ಪನನ್ನು ನಾನು ಬದುಕಿಸಿದ್ದು

ಸವಣೂರು ತಾಲೂಕಿನಲ್ಲಿ ಎಲ್ಲೇ ಮೈಕು ಕಟ್ಟಲಿ, ಅದರ ಹಿಂದೆ ನಾನಿರುತ್ತೇನೆ. ಹೊಟ್ಟೆಪಾಡಿಗೆ ಹೈಸ್ಕೂಲು ಮಾಸ್ತರ. ಆದರೆ ಜನ ನನ್ನನ್ನು ಬಲ್ಲದ್ದು ನಿರೂಪಕನೆಂದು. ನಿವೃತ್ತಿ ಸಮಾರಂಭವಿರಲಿ, ಕಬಡ್ಡಿ ಪಂದ್ಯವಿರಲಿ, ಸಾಮೂಹಿಕ ವಿವಾಹವಿರಲಿ, "ಶಿವಾನಂದ ಮಾಸ್ತರಿಗೆ ಹೇಳ್ರಿ" ಎನ್ನುತ್ತಾರೆ. ಅಧ್ಯಕ್ಷರು ಎರಡು ತಾಸು ತಡವಾಗಿ ಬಂದರೂ ಸಭಿಕರು ಕುರ್ಚಿ ಬಿಟ್ಟೇಳದಂತೆ ನೋಡಿಕೊಳ್ಳುವ ನಾಲಿಗೆ ನನ್ನದು. ಇಂಥವನಿಗೆ ಹೆತ್ತ ತಾಯಿಯನ್ನು ಕೂರಿಸಿಕೊಂಡು ಒಂದು ಕಾರ್ಟೂನಿನ ಕತೆ ಹೇಳುವುದು ಯಾವ ದೊಡ್ಡ ಕೆಲಸ?

ಹೀಗೆಂದುಕೊಂಡೇ ನಾನು ಕೆಟ್ಟದ್ದು.

ಎರಡು ತಿಂಗಳ ಹಿಂದೆ ಅವ್ವನ ಹೃದಯಕ್ಕೆ ಸ್ಟೆಂಟ್ ಹಾಕಿಸಿದೆವು. ಹುಬ್ಬಳ್ಳಿಯ ಡಾಕ್ಟರು ಬಿಡುಗಡೆ ಮಾಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಆಘಾತ ಆಗುವಂಥ ಸುದ್ದಿ ಏನಿದ್ದರೂ ಒಮ್ಮೆಲೇ ಹೇಳಬೇಡಿ" ಎಂದರು. ಅಂದಿನಿಂದ ನಾಲಿಗೆಯ ಕೆಳಗಿಡುವ ತುರ್ತು ಗುಳಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗತೊಡಗಿದೆ. ಅವ್ವ ಬಚ್ಚಲಲ್ಲಿ ಕೆಮ್ಮಿದರೆ ನಾನು ಬಾಗಿಲಲ್ಲಿ. ಅವ್ವ ಕೆಮ್ಮದಿದ್ದರೂ ನಾನು ಬಾಗಿಲಲ್ಲಿ!

ಆದರೆ ಸುದ್ದಿ ಮುಚ್ಚಿಡುವ ವಿಷಯದಲ್ಲಿ ಮಾತ್ರ ನನಗೆ ಧೈರ್ಯವಿತ್ತು, ಏಕೆಂದರೆ ಅನುಭವವಿತ್ತು. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ಮನುಷ್ಯ ಹೋಗಿ ಮೂರು ತಾಸಾಗಿದ್ದರೂ, "ಸೀರಿಯಸ್ ಅದಾರ, ಲಗೂನ ಬರ್ರಿ" ಎಂದೇ ಫೋನು ಮಾಡುತ್ತೇವೆ. ಹತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವ್ವ ನನ್ನ ತಂಗಿಯ ಬಾಣಂತನಕ್ಕೆಂದು ಹಿರೇಕೆರೂರಿನಲ್ಲಿದ್ದಳು. ಕಾರು ಮಾಡಿಕೊಂಡು ಹೋಗಿ ಕರೆತಂದವನು ನಾನು. ದಾರಿಯುದ್ದಕ್ಕೂ ಅವ್ವನ ಕಣ್ಣಲ್ಲಿ ಒಂದು ಹನಿ ಬರದಂತೆ ಮಾತಾಡಿ ಮಾತಾಡಿ ಮನೆಯ ಬಾಗಿಲಿಗೆ ತಂದು ಮುಟ್ಟಿಸಿದ್ದೆ. ನನ್ನ ನಿರೂಪಣೆಗಳಲ್ಲೆಲ್ಲ ಅದೇ ಶ್ರೇಷ್ಠವೆಂದು ಬಂಧುಬಳಗವೇ ಒಪ್ಪಿತ್ತು.

ಈಗ ಕಾರ್ಟೂನಿನ ಸಂಗತಿಗೆ ಬರುತ್ತೇನೆ. ಟಿವಿ ಧಾರಾವಾಹಿಗಳಲ್ಲಿ ವಾರಕ್ಕೊಮ್ಮೆ ಯಾರಾದರೂ ಯಾರಿಗಾದರೂ ವಿಷ ಹಾಕುತ್ತಾರೆಂದು ನಾನು ಅವನ್ನು ಬಂದ್ ಮಾಡಿಸಿದ್ದೆ. ಅವ್ವ ಬೇಸರದಿಂದ ಗೋಡೆ ನೋಡುತ್ತ ಕೂತಾಗ, ಪಿಯುಸಿ ಓದುವ ನನ್ನ ಮಗಳು ಮೇಘಾ ಒಂದು ಜಪಾನಿ ಕತೆ ಹಚ್ಚಿಕೊಟ್ಟಳು. ನಾನು ಕಾರ್ಟೂನು ಎಂದೆ. "ಕಾರ್ಟೂನ್ ಅಲ್ಲಪಾ, ಅನಿಮೆ" ಎಂದು ತಿದ್ದಿದಳು. ಮಂಜು ಮುಸುಕಿದ ಒಂದು ಊರು. ಆ ಮಂಜಿನೊಳಗಿನಿಂದ ಮುಖದಲ್ಲಿ ಬಾಯಿ ಮಾತ್ರ ಇರುವ ಭೂತಗಳು ಬಂದು ಜನರನ್ನು ಎಳೆದೊಯ್ಯುತ್ತವೆ. ಊರ ಗಡಿಯಲ್ಲಿ ಕಂದೀಲು ಹಿಡಿದು ತಿರುಗುತ್ತ ಅವನ್ನು ತಡೆಯುವವನು ಒಬ್ಬನೇ ಒಬ್ಬ. ಅವನ ಹೆಸರು ಕಾಸೂಮಾರು. ಅವ್ವ ಮೊದಲ ದಿನವೇ ಅವನಿಗೆ ಕಂದೀಲಪ್ಪ ಎಂದು ನಾಮಕರಣ ಮಾಡಿದಳು. ಅವನು ಸಾಕಿದ ಅನಾಥ ಹುಡುಗಿಯ ಕೂದಲು ನೀಲಿ. ಹೀಗಾಗಿ ಆಕೆ ನೀಲವ್ವ.

ದಿನಾ ಸಂಜೆ ಐದೂವರೆಗೆ ಅವ್ವ ಎಲೆಅಡಿಕೆ ಸಂಚಿ ಹಿಡಿದು ಟಿವಿ ಮುಂದೆ ಕೂರುತ್ತಿದ್ದಳು. ಪಕ್ಕದಲ್ಲಿ ಬಾಜೂ ಮನೆಯ ಹುಸೇನಬಿ, ಅವ್ವನ ನಲವತ್ತು ವರ್ಷದ ಗೆಳತಿ. ಪರದೆಯ ಕೆಳಗೆ ಬರುವ ಇಂಗ್ಲಿಷನ್ನು ಓದಿ ಮೇಘಾ ಕನ್ನಡದಲ್ಲಿ ಹೇಳುತ್ತಿದ್ದಳು. ಕಂದೀಲಪ್ಪ ತನ್ನ ಬಟ್ಟಲಿನ ಗಂಜಿಯನ್ನು ನೀಲವ್ವನಿಗೆ ಕೊಟ್ಟು, ತಾನು ಆಗಲೇ ಉಂಡೆನೆಂದು ಸುಳ್ಳು ಹೇಳುವ ದೃಶ್ಯ ಬಂದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮಪ್ಪನೂ ಹಿಂಗ ಇದ್ದ," ಎಂದಳು.

ಅಲ್ಲಿಗೆ ಕಂದೀಲಪ್ಪ ನಮ್ಮ ಮನೆಯವನಾದ.

ಇಷ್ಟರಲ್ಲಿ ಮೇಘಾ ಕಾಲೇಜಿನ ಶಿಬಿರಕ್ಕೆಂದು ಶಿಗ್ಗಾವಿಯ ಆಚೆ ಒಂದು ಹಳ್ಳಿಗೆ ಹತ್ತು ದಿನ ಹೊರಟಳು. ಹೊರಡುವ ಮುಂಜಾನೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಅಪ್ಪಾ, ಹದಿನೆಂಟನೇ ಭಾಗಕ್ಕ ನಿಲ್ಲಸು. ಹತ್ತೊಂಬತ್ತು ತೋರಸಬ್ಯಾಡ."

"ಯಾಕ?"

"ಅದ್ರಾಗ ಕಂದೀಲಪ್ಪ ಸಾಯ್ತಾನ."

ನನ್ನ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಬಿತ್ತು. "ಸಾಯ್ತಾನ? ಸುಳ್ಳ ಸುಳ್ಳ ಸಾಯಸ್ತಾರ ತಗೋ. ಮುಂದ ಎದ್ದ ಬರ್ತಾನ."

"ಇಲ್ಲಪಾ, ಖರೇನ ಸಾಯ್ತಾನ. ಅವ ಸತ್ತ ಮ್ಯಾಲನ ಕತಿ ಶುರು ಆಗೋದು. ಅದಕ್ಕ ನೀಲವ್ವ ಎದ್ದ ನಿಲ್ತಾಳ."

"ಇಂಥಾ ಕತಿ ಯಾಕ ಬರೀಬೇಕು? ನೋಡೋರ ಮನ್ಯಾಗ ಹಾರ್ಟ್ ಪೇಶಂಟ್ ಇರ್ತಾರ ಅನ್ನೋ ಖಬರ್ ಬ್ಯಾಡಾ ಅವರಿಗೆ?"

"ಅಜ್ಜಿಗೆ ನಾ ಬಂದು ಸಾವಕಾಶ ಹೇಳ್ತೇನಿ. ನೀ ಏನೂ ಮಾಡಬ್ಯಾಡ. ಅಷ್ಟ."

ಏನೂ ಮಾಡಬೇಡ! ಇಷ್ಟು ಹಗುರವಾದ ಕೆಲಸವನ್ನು ನನಗೆ ಜೀವಮಾನದಲ್ಲಿ ಯಾರೂ ವಹಿಸಿರಲಿಲ್ಲ. ಅದನ್ನೂ ನಾನು ಕೆಡಿಸಿದೆ.

ಮೂರನೆಯ ದಿನ ಹದಿನೆಂಟು ಮುಗಿಯಿತು. ಭೂತಗಳು ಹಿಂಡುಗಟ್ಟಿ ಊರಿನತ್ತ ಬರುತ್ತಿವೆ ಎಂಬಲ್ಲಿಗೆ ನಿಂತಿತು. ನಾನು ಏಳುತ್ತ, "ಇವತ್ತಿಗೆ ಸಾಕು" ಎಂದೆ. ಆದರೆ ಟಿವಿ ನನ್ನ ಅಪ್ಪಣೆ ಕೇಳಲಿಲ್ಲ. ಐದು, ನಾಲ್ಕು, ಮೂರು ಎಂದು ತಾನೇ ಎಣಿಸತೊಡಗಿತು. ರಿಮೋಟ್ ಎಲ್ಲಿ? ಹಾಸಿಗೆಯ ಕೆಳಗಿಲ್ಲ. ಕಿಟಕಿಯಲ್ಲಿಲ್ಲ. ಅವ್ವ ಅದನ್ನು ಜೋಪಾನವಾಗಿರಲೆಂದು ತನ್ನ ಸಂಚಿಯೊಳಗೆ ಸುಣ್ಣದ ಡಬ್ಬಿಯ ಜೊತೆ ಹಾಕಿ ದಾರ ಬಿಗಿದಿದ್ದಳು. ನಾನು ಆ ಗಂಟು ಬಿಚ್ಚುವಷ್ಟರಲ್ಲಿ ಕಂದೀಲಪ್ಪ ಸೇತುವೆಯ ಮೇಲೆ ಒಬ್ಬನೇ ನಿಂತಾಗಿತ್ತು. ಹಿಂದೆ ಊರ ಜನ ಹೊಳೆ ದಾಟಿ ಓಡುತ್ತಿದ್ದಾರೆ. ಮುಂದೆ ಮಂಜು. ಅವ್ವ ನನ್ನ ಕೈ ತಳ್ಳಿ, "ನಡುವ ಬಂದ್ ಮಾಡಿಗೀಡಿ! ಏನಂತಾನ ಹೇಳು" ಎಂದಳು.

ನಾನು ಜೇಬು ಮುಟ್ಟಿ ನೋಡಿಕೊಂಡೆ. ಗುಳಿಗೆ ಇತ್ತು. ಧೈರ್ಯ ಇರಲಿಲ್ಲ.

ಕೆಳಗೆ ಇಂಗ್ಲಿಷ್ ಅಕ್ಷರಗಳು ಬಂದಷ್ಟೇ ಬೇಗ ಮಾಯವಾಗುತ್ತಿದ್ದವು. ನಾನು ಮೊದಲ ಎರಡು ಶಬ್ದ ಓದುವುದರೊಳಗೆ ಕಂದೀಲಪ್ಪನ ಎದೆಗೆ ಭೂತದ ಈಟಿ ನಾಟಿತು. ಅವನ ಬಾಯಿಂದ ಕೆಂಪಗೆ ಇಳಿಯಿತು.

"ಅಯ್ಯ ಶಿವನ! ಬಾಯಾಗಿಂದ ಏನದು?" ಅವ್ವನ ದನಿ ನಡುಗಿತು.

"ಎಲಿಅಡಿಕಿ ಅವ್ವಾ. ಹಾಕ್ಕೊಂಡಿದ್ದ. ಉಗುಳಿದ."

"ಎಲಿಅಡಿಕಿ?"

"ನಮ್ಮ ಸವಣೂರ ಎಲಿನ. ಅಲ್ಲೀತನಕ ಹೋಗ್ತಾವಂತ."

ಹುಸೇನಬಿ ಬಾಯಿ ತೆರೆದಳು. "ಏ ಮಾಸ್ತರ, ಅಲ್ಲೋ, ಅವ..."

ಅವ್ವ ಅವಳ ಮೊಣಕಾಲನ್ನು ಗಟ್ಟಿಯಾಗಿ ಹಿಚುಕಿದಳು. ಸುಣ್ಣದ ಡಬ್ಬಿ ಕೇಳಿರಬೇಕೆಂದು ನಾನು ಅದನ್ನು ಮುಂದಕ್ಕೆ ಸರಿಸಿದೆ. ಪರದೆಯ ಮೇಲೆ ಕಂದೀಲು ಕೆಳಗೆ ಬಿದ್ದು, ಎರಡು ಸಲ ಮಿನುಗಿ, ಆರಿತು. ನೀಲವ್ವ ಹೊಳೆಯ ಆಚೆಯಿಂದ ಕಿರುಚಿದಳು.

"ಆಕಿ ಯಾಕ ಚೀರಾಕತ್ತಾಳ?"

"ಅವಗ ನಿದ್ದಿ ಬಂದೈತಿ. ಎದ್ದ ಮನೀಗೆ ನಡಿ ಅನ್ನಾಕತ್ತಾಳ. ಮುಂಜಾನೆ ಅವ ರೈಲು ಹಿಡದು ಅವರಕ್ಕನ ಊರಿಗೆ ಹೋಗಬೇಕಂತ. ನಮಗ ಯಲವಿಗಿ ಸ್ಟೇಶನ್ ಹೆಂಗೋ, ಅವರಿಗೂ ಹಂಗ ಒಂದು ಐತಿ."

ಅವ್ವ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಎಲೆ ತೆಗೆದು, ತೊಟ್ಟು ಮುರಿದು, "ಹಂಗೇನು" ಎಂದಷ್ಟೇ ಅಂದಳು. ಬದುಕಿಸಿದೆನಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ಒಬ್ಬನನ್ನಲ್ಲ, ಇಬ್ಬರನ್ನು!

ಹಿತ್ತಲಿಗೆ ಹೋಗಿ ಮೇಘಾಗೆ ಫೋನು ಹಚ್ಚಿದೆ.

"ಸತ್ತನೇನಪಾ?" ಎಂದಳು ಗಾಬರಿಯಿಂದ.

"ಇಲ್ಲ. ನಾ ಸಾಯಗೊಡಲಿಲ್ಲ."

"ಅಂದ್ರ?"

"ಊರಿಗೆ ಕಳಿಸೇನಿ."

"ಅಪ್ಪಾ, ಇನ್ನ ಆರು ಭಾಗ ಅದಾವ. ಆರರಾಗೂ ಎಲ್ಲಾರೂ ಅವನ್ನ ನೆನಸಿ ಅಳ್ತಾರ. ಏನ್ ಮಾಡ್ತಿ?"

ನಾನು ಆ ಆರು ಭಾಗಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಮರುದಿನ ಇಪ್ಪತ್ತನೆಯ ಭಾಗದಲ್ಲಿ ಅಂತ್ಯಕ್ರಿಯೆ. ತೋರಿಸುವುದಿಲ್ಲ ಎಂದರೆ ಅವ್ವನಿಗೆ ಸಂಶಯ ಬರುತ್ತದೆ. ತೋರಿಸಿದರೆ ಸಂಶಯಕ್ಕೆ ಜಾಗವೇ ಇರುವುದಿಲ್ಲ! ಊರವರೆಲ್ಲ ಒಂದೇ ಬಣ್ಣದ ಬಟ್ಟೆ ತೊಟ್ಟು ಸಾಲಾಗಿ ಕೂತಿದ್ದರು. ನಡುವೆ ಕಂದೀಲಪ್ಪನ ಚಿತ್ರ. ಅದರ ಮುಂದೆ ಹೂವು, ಊದುಬತ್ತಿ.

"ಇದೇನು?" ಎಂದಳು ಅವ್ವ.

ನಾಲಿಗೆ ತಾನೇ ಕೆಲಸ ಶುರುಮಾಡಿತು. "ಸನ್ಮಾನ ಅವ್ವಾ. ಭೂತ ಓಡಿಸಿದ್ನಲ್ಲ, ಊರವರು ಸನ್ಮಾನ ಇಟ್ಟುಕೊಂಡಾರ."

"ಸನ್ಮಾನ ಮಾಡಿಸ್ಕೊಳ್ಳಾವ ಎಲ್ಲಿ?"

"ಊರಿಗೆ ಹೋಗ್ಯಾನಲ್ಲ. ಅದಕ್ಕ ಫೋಟೋ ಇಟ್ಟು ಮಾಡಾಕತ್ತಾರ."

"ಮತ್ತ ಎಲ್ಲಾರೂ ಯಾಕ ಅಳಾಕತ್ತಾರ?"

"ಅಧ್ಯಕ್ಷರ ಭಾಷಣ ಭಾಳ ಉದ್ದ ಆತು."

ಇದು ಮಾತ್ರ ನನ್ನ ಸ್ವಂತ ಅನುಭವದಿಂದ ಬಂದದ್ದು. ಹುಸೇನಬಿ ಸೆರಗನ್ನು ಬಾಯಿಗೊತ್ತಿಕೊಂಡು ಬಾಗಿ ಕೂತಳು. ಅವಳ ಬೆನ್ನು ಅಲುಗುತ್ತಿತ್ತು. ಇವಳೂ ಅಳುತ್ತಿದ್ದಾಳೆ, ಇವಳ ಅಳು ನೋಡಿ ಅವ್ವನಿಗೆ ತಿಳಿದರೆ ಏನು ಗತಿ ಎಂದು ನಾನು ಇನ್ನಷ್ಟು ಹೆದರಿದೆ.

ಹೆದರಿದವನಿಗೆ ಹೊಸ ಹೊಸ ಅಪಾಯಗಳು ಕಾಣುತ್ತವೆ. ನಮ್ಮ ಓಣಿಯ ಮಕ್ಕಳೆಲ್ಲ ಈ ಕತೆ ನೋಡಿದವರೇ. ಯಾರಾದರೂ ಕಟ್ಟೆಯ ಮೇಲೆ ಕೂತ ಅವ್ವನ ಮುಂದೆ ಬಾಯಿಬಿಟ್ಟರೆ? ನಾನು ತಡಮಾಡಲಿಲ್ಲ. ಮುಖ ಗಂಭೀರ ಮಾಡಿಕೊಂಡು ಮನೆಮನೆಗೆ ಹೊರಟೆ. ಮೊದಲ ಮನೆ ಎದುರಿನ ಮಲ್ಲವ್ವನದು. ಅವಳು ಮನೆಯಲ್ಲೇ ಸೇವು, ಖಾರ ಕರಿದು ಮಾರುತ್ತಾಳೆ. ಕಾದ ಎಣ್ಣೆಯ ಬಾಣಲೆಯ ಮುಂದೆ ಕೂತಿದ್ದಳು.

"ಮಲ್ಲವ್ವಾ, ನಮ್ಮವ್ವನ ಮುಂದ ಸಾವಿನ ಸುದ್ದಿ ಎತ್ತಬ್ಯಾಡ್ರಿ. ಮನ್ಯಾಗಿನ ಹುಡುಗ್ರಿಗೂ ಹೇಳ್ರಿ."

ಅವಳ ಕೈಯಲ್ಲಿದ್ದ ಝಾರಿ ನಿಂತಿತು. "ಅಯ್ಯ! ಯಾರು ಹ್ವಾದ್ರು?"

ಇಲ್ಲಿ ನಾನು ಒಂದು ಕ್ಷಣ ಯೋಚಿಸಿದೆ. ಸವಣೂರಿನ ಸುಪ್ರಸಿದ್ಧ ನಿರೂಪಕ, ಹೈಸ್ಕೂಲು ಮಾಸ್ತರ, ಜಪಾನಿನ ಕಾರ್ಟೂನಿನವನೊಬ್ಬ ಸತ್ತನೆಂದು ಮನೆಮನೆ ತಿರುಗುತ್ತಿದ್ದಾನೆ ಎಂದರೆ ನನ್ನ ಮರ್ಯಾದೆ ಏನಾಗಬೇಕು?

"ಯಾರಂತ ಕೇಳಬ್ಯಾಡ್ರಿ," ಎಂದೆ. "ಅವ್ವಗ ಭಾಳ ಬೇಕಾದವರು."

ಹನ್ನೊಂದು ಮನೆಗಳಲ್ಲಿ ಇದೇ ಮಾತು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲೂ ನೀರು ಬಂತು. ನಿರೂಪಣೆ ಅಂದರೆ ಹಾಗೆ! ಓಣಿಯವರೆಲ್ಲ ತಲೆಯಾಡಿಸಿದರು. ಸುದ್ದಿ ಮುಚ್ಚಿಡುವುದು ಎಲ್ಲ ಮನೆಯಲ್ಲೂ ನಡೆದದ್ದೇ ಆದ್ದರಿಂದ ಯಾರೂ ಮತ್ತೆ ಕೇಳಲಿಲ್ಲ. ನಾನು ಹಗುರಾಗಿ ಮನೆಗೆ ಬಂದೆ.

ಇಪ್ಪತ್ತೊಂದರಲ್ಲಿ ಅವ್ವನಿಗೆ ಸಿಟ್ಟು ಶುರುವಾಯಿತು. ನೀಲವ್ವ ಆರಿದ ಕಂದೀಲನ್ನು ಮತ್ತೆ ಹಚ್ಚಿಕೊಂಡು ಒಬ್ಬಳೇ ಮಂಜಿನೊಳಗೆ ಇಳಿದಿದ್ದಳು. ಭೂತ ಅವಳ ತೋಳಿಗೆ ಕಚ್ಚಿತು.

"ಇಂವ ಎಲ್ಲಿ ಹಾಳಾದ?" ಎಂದು ಅವ್ವ ಗುಡುಗಿದಳು. "ಹೆಣ್ಣ ಹುಡುಗಿ ಒಬ್ಬಾಕಿನ ಬಡದಾಡಾಕತ್ತೈತಿ. ಇಂವ ಅಕ್ಕನ ಮನ್ಯಾಗ ಹೋಳಿಗಿ ತಿನ್ನಾಕತ್ತಾನೇನು?"

"ರೈಲು ತಡ ಆಗೇತಿ ಅವ್ವಾ."

"ಎರಡೆರಡು ದಿನ ತಡಾ ಆಕ್ಕೈತೇನೋ ರೈಲು? ಹೇಡಿ! ನಂಬಿದಾಕೀನ್ನ ಕೈಬಿಟ್ಟವ ಇವ!"

ಅವ್ವನ ಮುಖ ಕೆಂಪೇರಿತು. ಆಘಾತ ಆಗಬಾರದೆಂದು ನಾನು ಕಟ್ಟಿದ ಕತೆಯಿಂದಲೇ ಅವಳ ರಕ್ತದೊತ್ತಡ ಏರುತ್ತಿದೆಯಲ್ಲ! ಬದುಕಿಸಿದ ಕಂದೀಲಪ್ಪ ಸತ್ತವನಿಗಿಂತ ಅಪಾಯಕಾರಿಯಾಗಿದ್ದ.

ಆರನೆಯ ದಿನ, ಇಪ್ಪತ್ತೆರಡನೆಯ ಭಾಗ. ನೀಲವ್ವ ಗೆದ್ದಳು. ಗೆದ್ದು ಸೇತುವೆಯ ಮೇಲೆ ಕಂದೀಲಿಟ್ಟು ಮಂಡಿಯೂರಿದಳು. ಅಲ್ಲಿ ಅವ್ವ ತಡೆಯಲಾರದೆ ಎದೆ ಬಡಿದುಕೊಂಡಳು.

"ನಡುದಾರ್ಯಾಗ ಬಿಟ್ಟ ಹೋದ್ಯಲ್ಲೋ ನನ್ನಪ್ಪಾ! ಒಂದು ಮಾತು ಹೇಳದಂಗ ಹೋದ್ಯಲ್ಲೋ!"

ಕಿಟಕಿ ತೆರೆದಿತ್ತು. ಓಣಿ ಕಿವಿಗೊಟ್ಟೇ ಕೂತಿತ್ತು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹೀಗೆಯೇ ಹಾಡ್ಯಾಡಿ ಅಳುತ್ತಾರೆ. ಮಾಸ್ತರ ಕೊನೆಗೂ ಸುದ್ದಿ ಹೇಳಿದ್ದಾನೆಂದು ಓಣಿಗೆ ಖಾತ್ರಿಯಾಯಿತು. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನೆರೆಯವರು ಬುತ್ತಿ ತರುವುದು ನಮ್ಮಲ್ಲಿ ಪದ್ಧತಿ. ಮುಕ್ಕಾಲು ತಾಸಿನಲ್ಲಿ ಬುತ್ತಿ ಬಂತು. ಒಂದಲ್ಲ, ಒಂಬತ್ತು! ಮಲ್ಲವ್ವ ಮುಂದೆ, ಅವಳ ಹಿಂದೆ ತಲೆ ಮೇಲೆ ಸೆರಗು ಹೊದ್ದ ಹೆಂಗಸರು. ಕೈಯಲ್ಲಿ ರೊಟ್ಟಿ ಗಂಟು, ಝುಣಕದ ಡಬ್ಬಿ, ಅನ್ನದ ಬೋಗುಣಿ. ಒಂದು ಮಾತೂ ಆಡದೆ ಒಳಗೆ ಬಂದು ಗೋಡೆಗುಂಟ ಕೂತರು.

ಅವ್ವ ಬುತ್ತಿಗಳನ್ನು ನೋಡಿದಳು. ಎಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಮನೆಗಳಿಗೆ ತಾನೇ ಬುತ್ತಿ ಒಯ್ದವಳು ಅವಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಣ್ಣ ಹೋದ ಮುಖ ನನ್ನ ಕಡೆ ತಿರುಗಿತು.

"ಯಾರೋ, ಶಿವ್ಯಾ?"

ನನ್ನ ನಾಲಿಗೆ ಏಳಲಿಲ್ಲ. ಸಾವಿರ ಜನರ ಮುಂದೆ ಓಡುವ ನಾಲಿಗೆ!

ಮಲ್ಲವ್ವ ಅವ್ವನ ಕಡೆ ತಿರುಗಿ ಮೂಗು ಒರೆಸಿಕೊಂಡಳು. "ಹಾನಗಲ್ಲ ಅಣ್ಣಾರು ಭಾಳ ಚಲೋ ಇದ್ರು ಗಂಗಕ್ಕ. ದೇವರಂಥಾ ಮನಶ್ಯಾ."

ಬಹಳ ಬೇಕಾದವರು ಎಂದರೆ ಹಾನಗಲ್ಲಿನಲ್ಲಿರುವ ನಮ್ಮ ಸೋದರಮಾವನೇ ಇರಬೇಕೆಂದು ಓಣಿ ತೀರ್ಮಾನಿಸಿಬಿಟ್ಟಿತ್ತು. ಅವ್ವನ ಕೈ ಎದೆಯ ಮೇಲೆ ಹೋಯಿತು. ನಾನು ಜೇಬಿಗೆ ಕೈ ಹಾಕಿದೆ. ಗುಳಿಗೆಯ ಪಟ್ಟಿ ಬೆವರಿನಲ್ಲಿ ಜಾರಿ ಝುಣಕದ ಡಬ್ಬಿಯೊಳಗೆ ಬಿತ್ತು.

"ಮಾವ ಅಲ್ಲ ಅವ್ವಾ! ಮಾವ ಆರಾಮ ಅದಾನ! ಸತ್ತಾವ ಕಂದೀಲಪ್ಪ!" ಎಂದು ಮೈಕಿಲ್ಲದೆಯೇ ಇಡೀ ಓಣಿಗೆ ಕೇಳುವಂತೆ ಕೂಗಿದೆ. "ಎಲಿಅಡಿಕಿ ಅಲ್ಲ, ಅದು ರಕ್ತ! ಸನ್ಮಾನ ಅಲ್ಲ, ಮಣ್ಣು! ಎಲ್ಲಾ ಸುಳ್ಳ ಹೇಳೇನಿ!"

ಕೋಣೆಯಲ್ಲಿ ಒಂಬತ್ತು ಬಾಯಿಗಳು ತೆರೆದುಕೊಂಡವು. ಅವ್ವ ನನ್ನನ್ನೇ ನೋಡುತ್ತಿದ್ದಳು.

"ನೀ ಹೇಳಿದ್ದು ನಾ ನಂಬಂಗಿಲ್ಲ," ಎಂದಳು ಮೆಲ್ಲಗೆ. "ಅಣ್ಣನ ದನಿ ಕೇಳಸು."

ಫೋನು ಹಚ್ಚಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಅಲ್ಲಿಯವರೆಗೆ ನಾನು ಸುಳ್ಳಿಗೆ ಹೆದರಿದ್ದೆ. ಈಗ ಆ ಸುಳ್ಳು ನಿಜವೇ ಆಗಿಬಿಟ್ಟಿದ್ದರೆ ಎಂದು ಹೆದರಿದೆ. ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ಹುಸೇನಬಿ ಅವಳ ಅಂಗೈ ತಿಕ್ಕುತ್ತಿದ್ದಳು. ಮೂರನೆಯ ಸಲ, ಇನ್ನೇನು ರಿಂಗು ನಿಲ್ಲಬೇಕು ಎನ್ನುವಾಗ, ಆ ಕಡೆಯಿಂದ ಸಿಟ್ಟಿನ ದನಿ ಬಂತು.

"ಏನಲೇ ಶಿವ್ಯಾ, ಮಾಳಗಿ ಮ್ಯಾಲ ಮೆಣಸಿನಕಾಯಿ ತುಂಬಾಕತ್ತೇನಿ! ಏನ್ ಬೆಂಕಿ ಬಿದ್ದೈತಿ?"

ಇಷ್ಟು ಸವಿಯಾದ ಬೈಗುಳವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವ್ವ ಕಣ್ಣು ತೆರೆದು, "ಏನಿಲ್ಲೋ ಅಣ್ಣಾ, ನಿನ್ನ ದನಿ ಕೇಳಬೇಕನಿಸ್ತು" ಎಂದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಚೀತ್ಕಾರ. ನನ್ನ ಹೆಂಡತಿ ಶೋಭಾ ಬಂಕಾಪುರದ ಶಾಲೆಯಲ್ಲಿ ಶಿಕ್ಷಕಿ. ಬಸ್ಸಿಳಿದು ಬಂದವಳು ಅಂಗಳದ ಚಪ್ಪಲಿ ರಾಶಿಯನ್ನೂ ಒಳಗಿನ ಬುತ್ತಿಗಳನ್ನೂ ನೋಡಿ, "ಅತ್ತೀ!" ಎಂದು ಹೊಸ್ತಿಲಲ್ಲೇ ಕುಸಿದಳು.

"ನಾ ಇನ್ನೂ ಅದೇನವಾ," ಎಂದಳು ಅವ್ವ ಒಳಗಿನಿಂದ. "ಎದ್ದು ಬಾ. ಬ್ಯಾರೇದವ ಸತ್ತಾನ."

ಶೋಭಾಳಿಗೆ ಎಲ್ಲವನ್ನೂ ಹುಸೇನಬಿ ವಿವರಿಸಿದಳು. ನನ್ನ ಮೇಲೆ ಅವಳು ಬೀರಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ನಾನು ಅವ್ವನ ಕಾಲ ಬಳಿ ಕೂತು, "ತಪ್ಪಾತು ಅವ್ವಾ. ಕಂದೀಲಪ್ಪ ಸತ್ತಿದ್ದು ಗೊತ್ತಾದ್ರ ನಿನಗೇನರ ಆದೀತಂತ ಹೆದರಿದೆ" ಎಂದೆ.

"ನನಗ ಗೊತ್ತಿರಲಿಲ್ಲೇನು?" ಎಂದಳು ಅವ್ವ. "ಕಂದೀಲು ಆರಿದಾಗನ ಗೊತ್ತಾತು. ಹುಸೇನಬಿಗೂ ಗೊತ್ತಾತು. ಆಕಿ ಹೇಳಾಕ ಬಂದ್ಲು, ನಾನ ಬ್ಯಾಡ ಅಂದೆ."

"ಮತ್ತ ಅಷ್ಟ ಬೈದ್ಯಲ್ಲ ಅವಗ?"

"ಬೈಕೋತ ಅತ್ತೆ. ಸುಮ್ಮನ ಅತ್ತಿದ್ರ ನೀ ಹೆದರ್ತಿದ್ದಿ."

ಅವ್ವ ಸಂಚಿಯ ದಾರ ಬಿಚ್ಚುತ್ತ, ನನ್ನನ್ನು ನೋಡದೆ ಹೇಳಿದಳು:

"ನಿಮ್ಮಪ್ಪ ಹೋದ ದಿನಾನೂ ಹಿಂಗ ಮಾಡಿದಿ. ಹಿರೇಕೆರೂರಿಂದ ಇಲ್ಲೀತನಕ, ಅಪ್ಪ ಉಪ್ಪಿಟ್ಟು ತಿಂದಾನ, ಅಪ್ಪ ನಕ್ಕಾನ, ಅಪ್ಪ ನಿನ್ನ ಕೇಳಾಕತ್ತಾನ. ಗಾಡಿ ಹತ್ತೋಮುಂದ ನಿನ್ನ ಮಾರಿ ನೋಡಿದಾಗನ ನನಗ ತಿಳೀತು. ದಾರ್ಯಾಗ ಗಾಡಿ ನಿಲ್ಲಿಸಿ ಚಾ ಕುಡಿಸಿದಿ. ಗಂಟಲಾಗ ಇಳೀವಲ್ದು. ಆದ್ರೂ ಕುಡದೆ. ಕುಡೀಲಿಲ್ಲಂದ್ರ ನೀ ಅಲ್ಲೇ ಅತ್ತಬಿಡ್ತಿದ್ದಿ. ಅಷ್ಟು ದೂರ ನಾ ಅತಗೋತ ಬಂದಿದ್ರ ಹಗೂರಾಗ್ತಿತ್ತೋ, ಶಿವ್ಯಾ."

ಹತ್ತು ವರ್ಷ ನಾನು ಹೆಮ್ಮೆಪಟ್ಟ ನಿರೂಪಣೆಯ ಏಕೈಕ ಶ್ರೋತೃವಿಗೆ ಮೊದಲ ಸಾಲಿನಿಂದಲೇ ಎಲ್ಲ ಗೊತ್ತಿತ್ತು. ಆವತ್ತು ಆ ಕಾರಿನಲ್ಲಿ ಯಾರು ಯಾರನ್ನು ಸಂಭಾಳಿಸಿಕೊಂಡು ಬಂದಿದ್ದರು ಎಂಬುದು ನನಗೆ ಈಗ ತಿಳಿಯಿತು. ನನಗೆ ಬಹಳ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ದುಃಖವಾಯಿತು.

"ಹತ್ತೊಂಬತ್ತು ಹಚ್ಚು," ಎಂದಳು ಅವ್ವ. "ಈ ಸಲ ಖರೇ ಹೇಳು."

ಬಂದ ಹೆಂಗಸರು ಏಳಲಿಲ್ಲ. ಬುತ್ತಿ ಹೊಳ್ಳಿ ಒಯ್ಯುವ ಹಾಗಿಲ್ಲ. ಹೀಗಾಗಿ ಗಂಟು ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚಿದರು. ಗುಳಿಗೆ ಬಿದ್ದ ಝುಣಕವನ್ನು ಮಾತ್ರ ಪಕ್ಕಕ್ಕಿಟ್ಟರು. ನಾನು ಒಂದೊಂದು ಸಾಲನ್ನೂ ನಿಲ್ಲಿಸಿ ನಿಲ್ಲಿಸಿ ಓದಿ ಕನ್ನಡದಲ್ಲಿ ಹೇಳಿದೆ. ಈಟಿ ನಾಟಿದ ಮೇಲೆ ಕಂದೀಲಪ್ಪ ಹೊಳೆಯಾಚೆಗಿನ ನೀಲವ್ವನಿಗೆ ಹೇಳುವುದು ಇಷ್ಟೇ: "ಉಂಡೇನಿ, ನೀ ನಡಿ." ಮೊದಲ ಸಲ ಅದನ್ನು ನಾನು ಓದಿಯೇ ಇರಲಿಲ್ಲ. ಓದಿದವನಿಗೆ ಮುಂದಿನದು ಹೇಳಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ನನ್ನ ಬೆನ್ನು ಸವರಿದಳು.

ಮುಗಿದ ಮೇಲೆ ವಾದ ಶುರುವಾಯಿತು. "ಕೊಲ್ಲಬಾರದಾಗಿತ್ತು ನೋಡು," ಎಂದಳು ಹುಸೇನಬಿ. "ಬರದಾವಗ ರಹಮ್ ಇಲ್ಲ. ಒಂದು ಕಾಲು ಹೋಗಿ ಮನ್ಯಾಗ ಕುಂತಿದ್ರ ಆಗ್ತಿರಲಿಲ್ಲೇನು? ಹುಡುಗಿ ಹೆಂಗೂ ಕಂದೀಲು ಹಿಡೀತಿತ್ತು."

"ಹಿಡೀತಿದ್ಲು. ಆದ್ರ ಹೊಳ್ಳಿ ಹೊಳ್ಳಿ ಮನೀ ಕಡೆ ನೋಡ್ತಿದ್ಲು," ಎಂದಳು ಅವ್ವ. "ಅವ ಇಲ್ಲಂತ ಗೊತ್ತಾದ ಮ್ಯಾಲನ ಆಕಿ ಮುಂದ ನೋಡಿದ್ದು."

"ನನಗೇನೋ ಸೇರಲಿಲ್ಲವಾ."

"ನನಗರ ಸೇರೈತೇನು? ಸಾವು ಯಾರಿಗೆ ಸೇರತೈತಿ? ಆದ್ರ ಕತಿಗೆ ಬೇಕಾಗಿತ್ತು. ಇಂವ ಅವನ್ನ ಬದುಕಿಸಿ ಏನ್ ಮಾಡಿದ ನೋಡು. ಅಂಥಾ ಮನಶ್ಯಾನ್ನ ಮೂರು ದಿನದಾಗ ಹೇಡಿ ಮಾಡಿ ಇಟ್ಟ."

ಎಲ್ಲರೂ ನನ್ನ ಕಡೆ ನೋಡಿದರು. ಮಲ್ಲವ್ವ ರೊಟ್ಟಿ ಮುರಿಯುತ್ತ, ತಾನು ಹುಸೇನಬಿಯ ಕಡೆ ಎಂದಳು. ಶೋಭಾ ಅವ್ವನ ಕಡೆ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಹೋಗುವವರು ಹೋದ ಮೇಲೆ ಶೋಭಾ ಬಿಪಿ ಯಂತ್ರ ತಂದಳು. ಅವ್ವನದು ಸರಿಯಾಗಿತ್ತು, ಹುಬ್ಬಳ್ಳಿಯಲ್ಲಿದ್ದ ದಿನಗಳಿಗಿಂತ ಚೆನ್ನಾಗಿತ್ತು. ಆಮೇಲೆ ನನ್ನ ತೋಳಿಗೆ ಕಟ್ಟಿದಳು. ಯಂತ್ರ ಗುಂಯ್ಗುಟ್ಟಿತು, ಉಬ್ಬಿತು, ತಪ್ಪಾಗಿದೆ ಎಂದು ತೋರಿಸಿ ಸುಮ್ಮನಾಯಿತು.

ಅಷ್ಟರಲ್ಲಿ ಮೇಘಾ ಫೋನು ಬಂತು. ಅವ್ವ ಕೇಳಿ ಇಸಿದುಕೊಂಡಳು.

"ಮೇಘಾ, ಒಂದು ಮಾತು ನೆನಪಿಟಗೋ. ಮುಂದ ನಾ ಹ್ವಾದಾಗ ಸುದ್ದಿ ಹೇಳೋ ಕೆಲಸ ನಿಮ್ಮಪ್ಪಗ ಕೊಡಬ್ಯಾಡ್ರಿ. ಎಲ್ಲಾರಿಗೂ ನೆಟ್ಟಗ ಹೇಳ್ರಿ, ಅಳಲಿ." ಸ್ವಲ್ಪ ತಡೆದು, ನನ್ನ ಕಡೆ ನೋಡಿ, ದನಿ ತಗ್ಗಿಸಿದಳು. "ಇವನಿಗೆ ಮಾತ್ರ ಸೀರಿಯಸ್ ಅದಾಳಂತ ಹೇಳಿ ಕರಕೊಂಡ ಬರ್ರಿ. ದಾರ್ಯಾಗ ಒಂದು ಚಾ ಕುಡಸ್ರಿ."